ಎರಡು ಕೆಜಿ ಹಂದಿಮಾಂಸ, ಚರ್ಮ ಸಮೇತ

ನಮ್ಮ ಮಡಿಕೇರಿಯ ಹಂದಿಮಾಂಸದ ಅಂಗಡಿಯವರಿಗೆ ಈಗೀಗ ನನ್ನ ಮೇಲೆ ಅನುಮಾನ ಶುರುವಾಗಿದೆ. ಭಾನುವಾರ ಬೆಳಿಗ್ಗೆ ಹೋಗಿ, "ಹೊಟ್ಟೆ ಭಾಗದ್ದೇ ಬೇಕು, ಚರ್ಮ ಇರಲಿ, ಕತ್ತರಿಸಬೇಡಿ, ಒಂದೇ ತುಂಡಾಗಿ ಕೊಡಿ" ಅಂದರೆ ಯಾರಿಗೆ ಅನುಮಾನ ಬರಲ್ಲ ಹೇಳಿ. "ಸಾರ್, ಇಷ್ಟು ದೊಡ್ಡ ತುಂಡು ಕರಿಗೆ ಬೇಯಲ್ಲ" ಅಂದರು. "ಕರಿಗಲ್ಲ ಮಾರಾಯ್ರೆ, ಹೊಲಿಯೋಕೆ" ಅಂದೆ. ನಕ್ಕು ಸುಮ್ಮನಾದರು. ನಂಬಿದ ಹಾಗೆ ಕಾಣಲಿಲ್ಲ.

ವಿಷಯ ಇಷ್ಟೆ. ನಾನು ಸರ್ಜನ್. ಬೇರೆ ಊರಿನ ಕಾಲೇಜಿನ ಇಬ್ಬರು ಸರ್ಜರಿ ಪಿಜಿಗಳು, ಅಂದರೆ ಎಂಬಿಬಿಎಸ್ ಮುಗಿಸಿ ಸರ್ಜನ್ ಆಗೋಕೆ ಓದುತ್ತಿರುವವರು, ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿಗೆ, ಅಂದರೆ ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಕಲಿಯೋಕೆ, ಇಲ್ಲಿಗೆ ಬಂದಿದ್ದಾರೆ. ಒಬ್ಬ ಹುಡುಗ, ಒಬ್ಬಳು ಹುಡುಗಿ. ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬರುತ್ತಾರೆ. ಊಟದ ಟೇಬಲ್ ಮೇಲೆ ಪ್ಲಾಸ್ಟಿಕ್ ಹಾಸಿ, ಹಂದಿ ಚರ್ಮ ಇಟ್ಟು ಗಾಯ ಹೊಲಿಯೋದನ್ನು ಅಭ್ಯಾಸ ಮಾಡುತ್ತಾರೆ. ನನ್ನ ಹೆಂಡತಿ ಆ ಟೇಬಲ್ಲಿಗೆ ಈಗ ಓಟಿ (ಆಪರೇಷನ್ ಥಿಯೇಟರ್) ಅಂತಲೇ ಕರೆಯೋದು.

ಮೊದಲ ದಿನ ಆ ಹುಡುಗಿ ಹೊಲಿದಿದ್ದನ್ನು ನೋಡಿದೆ. ಸೂಜಿ ಬಾಗಿದೆ, ಅದರ ಬಾಗಿಗೆ ತಕ್ಕ ಹಾಗೆ ಮಣಿಕಟ್ಟು ತಿರುಗಬೇಕು. ಅವಳು ನೇರ ಎಳೆಯುತ್ತಿದ್ದಳು, ತೂತು ಹರಿದು ದೊಡ್ಡದಾಗುತ್ತಿತ್ತು. ಗಂಟು ಹಾಕುವಾಗ ಎಷ್ಟು ಬಿಗಿದಳೆಂದರೆ ಚರ್ಮದ ಅಂಚು ಒಳಕ್ಕೆ ಮಡಚಿಕೊಂಡಿತು. "ನೋಡಮ್ಮಾ, ಇಷ್ಟು ಬಿಗಿ ಬೇಡ. ಎರಡು ಅಂಚು ಕೂಡಿದರೆ ಸಾಕು. ನಾಳೆ ಗಾಯ ಊದಿಕೊಂಡಾಗ ದಾರ ತಾನಾಗೇ ಬಿಗಿಯಾಗುತ್ತೆ" ಅಂದೆ.

"ಸಾರ್, ಇದನ್ನ ನಮಗೆ ಯಾರೂ ಕೂರಿಸಿಕೊಂಡು ಹೇಳಿಲ್ಲ. ಕ್ಯಾಷುವಾಲ್ಟಿಯಲ್ಲಿ ಹೊಲಿದು ಹೊಲಿದೇ ಕಲಿತಿದ್ದು."

ಯಾರ ಮೇಲೆ ಹೊಲಿದು? ರಾತ್ರಿ ಎರಡು ಗಂಟೆಗೆ ಬೈಕಿನಿಂದ ಬಿದ್ದು ಬಂದವರ ಮೇಲೆ.

ನಾನೇನು ಬೇರೆ ಥರ ಕಲಿತವನಲ್ಲ. ತೊಂಬತ್ತರ ದಶಕದಲ್ಲಿ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಮಾಡಿದ ಮೊದಲ ಅಪೆಂಡಿಕ್ಸ್ ಆಪರೇಷನ್. ಕೂಲಿ ಕೆಲಸದ ಒಬ್ಬ ಹುಡುಗ. ರಾತ್ರಿ ಒಂದು ಗಂಟೆ. ಸೀನಿಯರ್ರಿಗೆ ನಿದ್ದೆ, ಚಾಕು ನನ್ನ ಕೈಗೆ ಬಂತು. ಅರ್ಧ ಗಂಟೆಯ ಕೆಲಸಕ್ಕೆ ಎರಡು ಗಂಟೆ ತಗೊಂಡೆ. ಅಪೆಂಡಿಕ್ಸ್ ಸಿಗದೆ ಗಾಯವನ್ನು ಎರಡು ಸಲ ಉದ್ದ ಮಾಡಿದೆ. ಹುಡುಗ ಹುಷಾರಾದ. ಹೋಗುವಾಗ ಕೈ ಮುಗಿದು ಹೋದ. ಸ್ಪೆಷಲ್ ವಾರ್ಡಿನ ಪೇಷೆಂಟ್ ಆಗಿದ್ದರೆ ಆ ರಾತ್ರಿ ಚಾಕು ನನ್ನ ಕೈಗೆ ಬರುತ್ತಲೇ ಇರಲಿಲ್ಲ. ಇದು ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ವಿಷಯ. ಯಾರೂ ಬಾಯಿಬಿಟ್ಟು ಹೇಳಲ್ಲ ಅಷ್ಟೆ. "ಒಂದು ನೋಡು, ಒಂದು ಮಾಡು, ಒಂದು ಕಲಿಸು" ಅಂತ ಹೆಮ್ಮೆಯಿಂದ ಹೇಳ್ತೀವಲ್ಲ, ಆ ನಡುವಿನ "ಒಂದು" ಯಾವಾಗಲೂ ಜನರಲ್ ವಾರ್ಡಿನಲ್ಲೇ ಮಲಗಿರುತ್ತೆ.

ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ತೂರಿಸಿ ಆಪರೇಷನ್ ಮಾಡುವ ಲ್ಯಾಪರೋಸ್ಕೋಪಿಯಲ್ಲಂತೂ ಇದು ಇನ್ನೂ ಜಾಸ್ತಿ. ನಮ್ಮ ದೇಶದಲ್ಲಿ ಡಾ. ತೆಹಮ್ಟನ್ ಉಡ್ವಾಡಿಯಾ ಅವರು ಮುಂಬೈಯಲ್ಲಿ 1990ರಲ್ಲಿ ಹೀಗೆ ಪಿತ್ತಕೋಶ ತೆಗೆದರು. ಈಗ ತಾಲ್ಲೂಕು ಮಟ್ಟದಲ್ಲೂ ನಡೆಯುತ್ತೆ. ಆದರೆ ಕೈಗೆ ಅದು ಸಹಜವಾದ ಕೆಲಸ ಅಲ್ಲ. ಬೇಲಿಯ ಕಿಂಡಿಯಲ್ಲಿ ಕೋಲು ತೂರಿಸಿ ಆಡಿಸಿ ನೋಡಿ. ಕೈ ಬಲಕ್ಕೆ ಹೋದರೆ ಕೋಲಿನ ತುದಿ ಎಡಕ್ಕೆ ಹೋಗುತ್ತೆ. ಹೊಟ್ಟೆಯ ತೂತಿನಲ್ಲೂ ಅದೇ ಕಥೆ. ಮೇಲಾಗಿ ಟಿವಿಯಲ್ಲಿ ನೋಡಿಕೊಂಡು ಮಾಡಬೇಕು, ಆಳ ಗೊತ್ತಾಗಲ್ಲ. ಇದಕ್ಕೆ ಕೈ ಪಳಗೋಕೆ ತಿಂಗಳುಗಟ್ಟಲೆ ಬೇಕು. ಆ ತಿಂಗಳುಗಳನ್ನು ಪೇಷೆಂಟಿನ ಹೊಟ್ಟೆಯೊಳಗೇ ಕಳೆಯಬೇಕಾ?

ಇದರ ಅಭ್ಯಾಸಕ್ಕೆ ಮನೆಯಲ್ಲಿ ನಾನೊಂದು ಡಬ್ಬಿ ಮಾಡಿಟ್ಟಿದ್ದೇನೆ. ಪ್ಲಾಸ್ಟಿಕ್ ಡಬ್ಬಿಗೆ ಎರಡು ತೂತು, ಒಳಗೆ ಹಳೆ ಮೊಬೈಲಿನ ಕ್ಯಾಮೆರಾ, ಒಂದು ಟಾರ್ಚ್. ಅಮೆರಿಕದಲ್ಲಿ ಸರ್ಜನ್ ಆಗುವವರಿಗೆ ಅಂತ ಲ್ಯಾಪರೋಸ್ಕೋಪಿ ಪರೀಕ್ಷೆ ಒಂದಿದೆ. ಅದರ ಮೊದಲ ಪಾಠ, ಆರು ರಬ್ಬರ್ ತುಂಡುಗಳನ್ನು ಒಂದೊಂದಾಗಿ ಎತ್ತಿ, ಗಾಳಿಯಲ್ಲೇ ಕೈ ಬದಲಿಸಿ, ಆ ಕಡೆಯ ಗೂಟಕ್ಕೆ ಹಾಕಿ ಮತ್ತೆ ವಾಪಸ್ ತರೋದು. ಪಳಗಿದ ಕೈ ಅಂತ ಒಪ್ಪೋಕೆ ಇಟ್ಟುಕೊಳ್ಳುವ ಗುರಿ 48 ಸೆಕೆಂಡ್. ನಮ್ಮ ಹುಡುಗ ಮೊದಲ ದಿನ ಮೂರು ನಿಮಿಷ ದಾಟಿಸಿದ, ಎರಡು ಬೀಳಿಸಿದ. ಬಿದ್ದಿದ್ದು ಡಬ್ಬಿಯೊಳಗೆ, ಯಾರಿಗೂ ಏನೂ ಆಗಲಿಲ್ಲ.

ಇದೆಲ್ಲ ಆಟ ಅನ್ನುವವರಿಗೆ ಒಂದು ಮಾತು. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 16 ರೆಸಿಡೆಂಟರನ್ನು, ಅಂದರೆ ಸರ್ಜರಿ ಕಲಿಯುತ್ತಿದ್ದ ವೈದ್ಯರನ್ನು, ಎರಡು ಗುಂಪು ಮಾಡಿ ನೋಡಿದರು. ಸಿಮ್ಯುಲೇಟರ್ (ಆಪರೇಷನ್ ಅಭ್ಯಾಸಕ್ಕೆಂದೇ ಮಾಡಿದ ಮಿಷನ್) ಮೇಲೆ ಪಳಗಿದವರು ಪಿತ್ತಕೋಶ ಬಿಡಿಸುವ ಕೆಲಸವನ್ನು 29% ಬೇಗ ಮುಗಿಸಿದರು. ಪಳಗದವರು ಪಿತ್ತಕೋಶಕ್ಕೆ ಗಾಯ ಮಾಡುವ, ಸುಡಬಾರದ್ದನ್ನು ಸುಡುವ ಸಂಭವ ಐದು ಪಟ್ಟು ಜಾಸ್ತಿ ಇತ್ತು. ವಿದೇಶದ ಹುಚ್ಚು ಅನ್ನೋದಾದರೆ ಸುಶ್ರುತ ಸಂಹಿತೆ ತೆಗೆದು ನೋಡಿ. ಕೊಯ್ಯೋದನ್ನು ಕುಂಬಳ, ಸೋರೆ, ಸೌತೆಕಾಯಿ ಮೇಲೆ ಕಲಿ, ಹೊಲಿಯೋದನ್ನು ಬಟ್ಟೆ ಮತ್ತು ಮೆದು ಚರ್ಮದ ಮೇಲೆ ಕಲಿ, ಒಳಗೆ ಸಿಕ್ಕಿಕೊಂಡಿದ್ದನ್ನು ಕೀಳೋದನ್ನು ಹಲಸಿನ ಹಣ್ಣಿನಲ್ಲಿ ಕಲಿ ಅಂತಿದೆ. ಹಲಸಿಗೆ ನಮ್ಮ ಕೊಡಗಿನಲ್ಲಿ ಬರವೇ?

ಈ ಇಬ್ಬರು ಪಿಜಿಗಳ ಕಾಲೇಜಿನಲ್ಲಿ ಡಬ್ಬಿಯೇನು, ಲಕ್ಷಗಟ್ಟಲೆಯ ಸಿಮ್ಯುಲೇಟರೇ ಇದೆಯಂತೆ. ಇನ್‌ಸ್ಪೆಕ್ಷನ್ ದಿನ ಕವರ್ ತೆಗೆಯುತ್ತಾರಂತೆ. ಲ್ಯಾಬ್ ತೆರೆದಿರೋದು ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕು. ಆ ಹೊತ್ತಿಗೆ ಪಿಜಿಗಳೆಲ್ಲ ವಾರ್ಡಿನಲ್ಲಿ, ಓಟಿಯಲ್ಲಿ. ಸಂಜೆ ಹೋದರೆ ಬೀಗ. ಅದಕ್ಕೇ ನಾನು ಮಿಷನ್ ಕೊಡಿ ಅಂತ ಕೇಳ್ತಿಲ್ಲ. ವಾರಕ್ಕೆ ಎರಡು ಗಂಟೆ ಡ್ಯೂಟಿ ಪಟ್ಟಿಯಲ್ಲೇ ಬರೆಯಿರಿ, ಆ ಎರಡು ಗಂಟೆ ಅವರ ಫೋನ್ ಬೇರೆಯವರ ಕೈಯಲ್ಲಿರಲಿ, ಒಬ್ಬ ಸೀನಿಯರ್ ಪಕ್ಕದಲ್ಲಿ ಕೂರಲಿ. ಪಕ್ಕದಲ್ಲಿ ಕೂರೋದೇ ಮುಖ್ಯ. ಒಬ್ಬರೇ ಮಾಡ್ತಾ ಹೋದರೆ ತಪ್ಪೂ ಅಷ್ಟೇ ಚೆನ್ನಾಗಿ ಕೈಗೆ ಕೂರುತ್ತೆ. ಆಮೇಲೆ ಬಿಡಿಸೋದು ಇನ್ನೂ ಕಷ್ಟ.

"ನಾವೆಲ್ಲ ಕಲಿಯಲಿಲ್ವಾ? ನಿನ್ನ ಹಂದಿ ಚರ್ಮದಲ್ಲಿ ರಕ್ತ ಬರುತ್ತಾ?" ಅಂತ ನನ್ನ ಬ್ಯಾಚಿನ ಗೆಳೆಯರೊಬ್ಬರು ಕೇಳಿದರು. ಬರಲ್ಲ, ಒಪ್ಪಿದೆ. ರಕ್ತ ಚಿಮ್ಮಿದಾಗ ಏನು ಮಾಡಬೇಕು, ಎಲ್ಲಿ ನಿಲ್ಲಿಸಿ ಹೊಟ್ಟೆ ತೆರೆಯಬೇಕು, ಇದನ್ನೆಲ್ಲ ಓಟಿಯಲ್ಲೇ ಕಲಿಯಬೇಕು. ಆದರೆ ಕೈ ಇನ್ನೂ ಸೂಜಿ ಹುಡುಕುತ್ತಿದ್ದರೆ ಆ ಹುಡುಗನ ಗಮನ ರಕ್ತದ ಕಡೆ ಹೇಗೆ ಹೋಗುತ್ತೆ? ಮೆಣಸು ಕುಯ್ಯಲು ಹೊಸದಾಗಿ ಬಂದವನನ್ನು ಮೊದಲ ದಿನವೇ ಒಂಟಿ ಬಿದಿರಿನ ಏಣಿ ಕೊಟ್ಟು ಸಿಲ್ವರ್ ಓಕ್ ಮೇಲೆ ಹತ್ತಿಸಿದರೆ ಕೆಲಸ ನೋಡಿಕೊಳ್ಳುವ ತೋಟದ ರೈಟರಿಗೆ ನಾವೇ ಬೈತೀವಿ, ಅಲ್ವಾ?

ನಮ್ಮ ಊರಿನಲ್ಲಿ ಇದು ಬರೀ ತತ್ವದ ಮಾತೂ ಅಲ್ಲ. ಇಲ್ಲಿ ಪಿತ್ತಕೋಶ ತೆಗೆಯುವಾಗ ಕೈತಪ್ಪಿ ಯಾರದೋ ಪಿತ್ತನಾಳ ತುಂಡಾದರೆ ರಿಪೇರಿಗೆ ಮೈಸೂರು, ಸುಮಾರು 120 ಕಿಲೋಮೀಟರ್. ಇಲ್ಲ ಘಾಟಿ ಇಳಿದು ಮಂಗಳೂರು. ಜುಲೈ ಮಳೆಯಲ್ಲಿ ದಾರಿಗೆ ಮರ ಬಿದ್ದಿದ್ದರೆ ಆ ಆಂಬುಲೆನ್ಸಿನಲ್ಲಿ ಕೂತವರನ್ನು ಕೇಳಿ.

ಮೊನ್ನೆ ಮೂರನೇ ಭಾನುವಾರ. ಕರೆಂಟ್ ಹೋಗಿತ್ತು, ಆ ಹುಡುಗಿ ಎಮರ್ಜೆನ್ಸಿ ಲೈಟಿನಲ್ಲೇ ಹೊಲಿದಳು. ಹತ್ತು ಹೊಲಿಗೆಯಲ್ಲಿ ಎಂಟರ ಅಂಚು ಸರಿಯಾಗಿ ಕೂತಿತ್ತು. ಉಳಿದ ಎರಡನ್ನು ನಾನು ಹೇಳುವ ಮೊದಲೇ ಅವಳೇ ಕತ್ತರಿಸಿ ತೆಗೆದಳು. ಮುಂದಿನ ವಾರ ಸ್ವಲ್ಪ ದಪ್ಪ ಹೊಟ್ಟೆ ಹೊಲಿಸೋಣ ಅಂತ ಅಂಗಡಿಗೆ ಫೋನ್ ಮಾಡಿದೆ, "ಈ ಸಲ ಕೊಬ್ಬು ಜಾಸ್ತಿ ಇರೋದು ಕೊಡಿ" ಅಂತ.

"ಹಾಗೆ ಹೇಳಿ ಸಾರ್. ಕರಿಗೆ ಅದೇ ರುಚಿ" ಅಂದರು.