ಪೇಟೆಯ ಚೌಕದಲ್ಲಿ ನಿಂತ ರೋಲಾಂಡ್

ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಬಳಿಯಿರುವ ಕ್ವೆಡ್ಲಿನ್‌ಬುರ್ಗ್ ಪಟ್ಟಣದ ಮರದ ಚೌಕಟ್ಟಿನ ಮನೆಗಳನ್ನು, ಆ ಊರಿನ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಪ್ರೀತಿಯಿಂದ ವರ್ಣಿಸಿದ್ದಾರೆ. ಆದರೆ ಪೇಟೆಯ ಚೌಕವನ್ನು ಒಂದೇ ವಾಕ್ಯದಲ್ಲಿ ದಾಟಿರುವುದು ನನಗೆ ಕೊರತೆಯೆನಿಸಿತು. ಈ ಊರಿನ ಚರಿತ್ರೆಯ ಗಂಟು ಇರುವುದೇ ಅಲ್ಲಿ. 994ರಲ್ಲಿ ಜರ್ಮನ್ ದೊರೆ ಮೂರನೆಯ ಒಟ್ಟೊ ಇಲ್ಲಿ ಸಂತೆ ನಡೆಸುವ, ನಾಣ್ಯ ಟಂಕಿಸುವ ಮತ್ತು ಸುಂಕ ಎತ್ತುವ ಹಕ್ಕನ್ನು ಕೊಟ್ಟದ್ದು ವರ್ತಕರಿಗಲ್ಲ, ಗುಡ್ಡದ ಮೇಲಿನ ಕ್ರೈಸ್ತ ಸ್ತ್ರೀಮಠದ ಮುಖ್ಯಸ್ಥೆಯಾಗಿದ್ದ ತನ್ನ ಸೋದರತ್ತೆ ಮಟಿಲ್ಡಾಗೆ. ಹಾಗಾಗಿ ಕೆಳಗೆ ವ್ಯಾಪಾರ ಬೆಳೆದಂತೆಲ್ಲ ಒಡೆತನ ಯಾರದೆಂಬ ಪ್ರಶ್ನೆಯೂ ಬೆಳೆಯಿತು. 1426ರಲ್ಲಿ ಪಟ್ಟಣವು ಹನ್ಸಾ ವರ್ತಕ ನಗರಗಳ ಕೂಟವನ್ನು ಸೇರಿತು. 1477ರಲ್ಲಿ ಮಠಾಧಿಪತಿ ಹೆಡ್ವಿಗ್ ತನ್ನ ಸೋದರರಾದ ಸ್ಯಾಕ್ಸನಿಯ ದೊರೆಗಳ ಸೇನೆಯ ನೆರವಿನಿಂದ ಊರನ್ನು ಮಣಿಸಿದಾಗ, ಪೌರ ಸ್ವಾತಂತ್ರ್ಯದ ಗುರುತಾಗಿದ್ದ, ಮಧ್ಯಯುಗದ ದಂತಕಥೆಗಳ ವೀರ ರೋಲಾಂಡನ ಕಲ್ಲಿನ ಪ್ರತಿಮೆಯನ್ನೇ ಕೆಡವಲಾಯಿತು. ಅದು ಪುರಭವನದ ಮುಂದೆ ಮತ್ತೆ ತಲೆಯೆತ್ತಿದ್ದು 1869ರಲ್ಲಿ. ನಾಲ್ಕು ಶತಮಾನಗಳ ಅವಮಾನವನ್ನು ಬಲ್ಲವರಿಗೆ ಆ ಪ್ರತಿಮೆಯ ಮುಂದೆ ನಿಲ್ಲುವಾಗ ಮನಸ್ಸು ತುಂಬಿ ಬರುತ್ತದೆ, ನನಗಂತೂ ಬಂದಿತ್ತು.

ಜರ್ಮನ್ ದೊರೆ ಮೊದಲನೆಯ ಹೆನ್ರಿಯ ಸಮಾಧಿಸ್ಥಾನವಾದ ಸೇಂಟ್ ಸರ್ವೇಷಿಯಸ್ ಚರ್ಚನ್ನು ಹೇಗೂ ಎಲ್ಲರೂ ನೋಡುತ್ತಾರೆ. ಬಿಡಬಾರದ್ದು ವೋರ್ಟ್‌ಗಾಸೆ ಎಂಬ ಓಣಿಯ 14ನೆಯ ಶತಮಾನದ ಮನೆ: ನೆಲದಿಂದ ಸೂರಿನವರೆಗೆ ಒಂದೇ ಉದ್ದದ ಕಂಬಗಳು ಹೊತ್ತು ನಿಂತಿರುವ ಆ ಕಟ್ಟಡವೇ ಈಗ ಮರದ ಚೌಕಟ್ಟಿನ ವಾಸ್ತುಶೈಲಿಯ ಸಂಗ್ರಹಾಲಯವಾಗಿದೆ.