ಸತ್ಯಾಂಶ: ಬೇಸ್‌ಬಾಲ್‌ನಲ್ಲಿ ಎಲ್ಲ ಕಂಪ್ಯೂಟರೇ ಹೇಳೋದಾ?

ತುಮಕೂರಿನ ನಮ್ಮ ಕ್ರಿಕೆಟ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂದಿದೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಪ್ರತಿ ಸಲ ಯಾವ ಥರದ ಚೆಂಡು ಎಸೆಯಬೇಕು ಅಂತ ಕಂಪ್ಯೂಟರೇ ನಿರ್ಧರಿಸುತ್ತದೆ, ಆಟಗಾರರನ್ನು ಹುಡುಕುವ ಸ್ಕೌಟ್‌ಗಳಿಗೆ ಕೆಲಸವೇ ಇಲ್ಲ ಅಂತ. ಇದು ತಪ್ಪು.

ಅಲ್ಲಿನ ಅತಿ ಮೇಲಿನ ದರ್ಜೆಯ ಮೇಜರ್ ಲೀಗ್ ಮೈದಾನಗಳಲ್ಲಿ 2015ರಿಂದ ಸ್ಟ್ಯಾಟ್‌ಕಾಸ್ಟ್ ಅನ್ನೋ ವ್ಯವಸ್ಥೆ ಇದೆ. ಚೆಂಡಿನ ವೇಗ ಎಷ್ಟು, ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ, ಎಸೆಯುವವನ ಕೈಯಿಂದ ಎಲ್ಲಿ ಬಿಟ್ಟಿತು, ಎಲ್ಲ ಅಳೆಯುತ್ತದೆ. ಅಳೆಯುತ್ತದೆ ಅಷ್ಟೇ. ಆ ಲೆಕ್ಕ ನೋಡಿ ಕೋಚ್‌ಗಳು ಸಲಹೆ ಕೊಡ್ತಾರೆ, ಸಾಮಾನ್ಯವಾಗಿ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ) ಯಾವ ಎಸೆತ ಅಂತ ಸೂಚಿಸ್ತಾನೆ, ಬೇಡ ಅನಿಸಿದರೆ ಪಿಚರ್, ಅಂದ್ರೆ ಚೆಂಡು ಎಸೆಯುವವನು, ತಲೆ ಅಲ್ಲಾಡಿಸಿ ಬೇರೆ ಎಸೆತ ಕೇಳ್ತಾನೆ.

ಹಾಗಂತ ಲೆಕ್ಕಕ್ಕೆ ಬೆಲೆ ಇಲ್ಲ ಅಂತಲ್ಲ. ಪಿಚರ್ ಗೆರಿಟ್ ಕೋಲ್ 2018ರಲ್ಲಿ ಪಿಟ್ಸ್‌ಬರ್ಗ್ ತಂಡ ಬಿಟ್ಟು ಹ್ಯೂಸ್ಟನ್ ತಂಡಕ್ಕೆ ಹೋದರು. ಅಲ್ಲಿ ಸಿಂಕರ್ ಅನ್ನೋ ಕೆಳಗೆ ಇಳಿಯುವ ಎಸೆತ ಕಡಿಮೆ ಮಾಡಿ, ವೇಗದ ಚೆಂಡನ್ನು ಎತ್ತರದಲ್ಲಿ ಜಾಸ್ತಿ ಎಸೆದರು. ಹಿಂದಿನ ವರ್ಷ 196 ಇದ್ದ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್ ಆಗೋದು) 276 ಆಯಿತು! ತೋಳು ಅದೇ ಅಲ್ವಾ?

ಸ್ಕೌಟ್‌ಗಳು ಈಗಲೂ ಇದ್ದಾರೆ. ನಮ್ಮಲ್ಲಿ ನೆಟ್ಸ್ ಹಿಂದೆ ನಿಂತು ಹುಡುಗನ ಮಣಿಕಟ್ಟನ್ನೇ ನೋಡುವ ಕೋಚ್ ಥರ. ಸುಸ್ತಾದಾಗ ಮೊಣಕೈ ಇಳಿಯುತ್ತಾ, ಹೊಡೆತ ತಿಂದ ಮೇಲೆ ಮುಂದಿನ ಚೆಂಡಿಗೆ ಹುಡುಗ ಹೇಗೆ ನಿಲ್ತಾನೆ, ಅದನ್ನು ನೋಡೋಕೆ ಅವರು ಬೇಕೇ ಬೇಕು.