ತಿಥಿ ನೋಡಿ ಬಂದ ಅತಿಥಿ

ತಿಥಿ ನೋಡದೆ, ಹೇಳದೆ ಕೇಳದೆ ಮನೆಗೆ ಬರುವವನೇ ಅತಿಥಿ ಎಂದು ಶಾಲೆಯಲ್ಲಿ ಕನ್ನಡ ಪಂಡಿತರು ಪದ ಬಿಡಿಸಿ ಹೇಳಿದ್ದರು. 2011ರ ಜುಲೈ 31ರಂದು ಮುಂಬಯಿಯ ಜುಹೂ ಕಡಲತೀರಕ್ಕೆ ಬಂದ ಅತಿಥಿ ಮಾತ್ರ ಪಂಚಾಂಗ ತಿರುವಿಹಾಕಿಯೇ ಹೊರಟಂತಿತ್ತು. ಹಿಂದಿನ ದಿನ ನಮಗೆ ಭೀಮನ ಅಮಾವಾಸ್ಯೆ, ತುಳುನಾಡಿಗೆ ಆಟಿ ಅಮಾವಾಸ್ಯೆ, ಮರಾಠಿಗರಿಗೆ ಗಟಾರಿ. ಶ್ರಾವಣ ಹಿಡಿಯುವ ಮುನ್ನ ಕುಡಿದು ತಿಂದು ಎಲ್ಲ ಬಾಕಿ ಚುಕ್ತಾ ಮಾಡಿಕೊಳ್ಳುವ ರಾತ್ರಿ ಅದು. ಹಾಗಾಗಿ ಭಾನುವಾರ ಬೆಳಿಗ್ಗೆ ಜುಹೂ ಮರಳಿನ ಮೇಲೊಂದು ಹಡಗು ಕೂತಿರುವುದನ್ನು ಕಂಡ ಯಾರಾದರೂ ಬಾಯಿ ಬಿಡದೆ ಮನೆಗೆ ಹೋಗಿ ಎರಡು ಲೋಟ ಮಜ್ಜಿಗೆ ಕುಡಿದು ಮಲಗಿದ್ದರೆ ಅವರನ್ನು ದೂರುವಂತಿಲ್ಲ.

ಹಡಗಿನ ಹೆಸರು ಎಂ.ವಿ. ಪಾವಿತ್. ಪನಾಮಾ ಬಾವುಟದ, ಸುಮಾರು 1,000 ಟನ್ನಿನ ಸಣ್ಣ ಟ್ಯಾಂಕರು. ಜೂನ್ ಕೊನೆಯಲ್ಲಿ ಒಮಾನ್ ಕಡೆ ಎಂಜಿನ್ ಕೈಕೊಟ್ಟು, ಎಂಜಿನ್ ಕೋಣೆಗೆ ನೀರು ನುಗ್ಗಿತ್ತು. ಒಳಗಿದ್ದ 13 ಮಂದಿಯನ್ನು ಬ್ರಿಟಿಷ್ ನೌಕಾಪಡೆಯ ಸೇಂಟ್ ಆಲ್ಬನ್ಸ್ ಯುದ್ಧನೌಕೆ ಪಾರು ಮಾಡಿತು. ಇನ್ನು ಹಡಗು ಮುಳುಗಿದ ಹಾಗೆಯೇ ಎಂದು ಎಲ್ಲರೂ ಎಳ್ಳುನೀರು ಬಿಟ್ಟರು. ಕಾಗದದಲ್ಲಿ ಮುಳುಗಿದ ಹಡಗು ನೀರಿನಲ್ಲಿ ಮುಳುಗಲಿಲ್ಲ. ನೈಋತ್ಯ ಮಾರುತ ಬೆನ್ನಿಗೆ ಕೈಕೊಟ್ಟು ತಳ್ಳಿತು. ಕ್ಯಾಪ್ಟನ್ ಇಲ್ಲ, ಚುಕ್ಕಾಣಿ ಹಿಡಿಯುವವನಿಲ್ಲ, ಒಂದು ದೀಪವಿಲ್ಲ. ತಿಂಗಳೊಪ್ಪತ್ತು ತೇಲಿ, ಅರಬ್ಬಿ ಸಮುದ್ರವನ್ನು ಅಡ್ಡಕ್ಕೆ ದಾಟಿ, ಸಿನಿಮಾ ಸೇರಲು ಟಿಕೆಟ್ ಇಲ್ಲದೆ ರೈಲು ಹತ್ತಿ ಬರುವ ಹುಡುಗರ ಹಾಗೆ ನೆಟ್ಟಗೆ ಜುಹೂವಿಗೇ ಬಂದು ಇಳಿಯಿತು. ನಟರ ಬಂಗಲೆಗಳು ಅಲ್ಲೇ ಇರುವುದು ಎಂದು ಅದಕ್ಕೆ ಯಾರು ಹೇಳಿದರೋ!

ಹಿಂದೆ ಇದೇ ಗಾಳಿಯನ್ನು ನಂಬಿ ಅರಬ್ಬರು ಹೊನ್ನಾವರ, ಭಟ್ಕಳಗಳಿಗೆ ಕುದುರೆ ತರುತ್ತಿದ್ದರು. ಆಗ ಬಂದರಿನಲ್ಲಿ ಸುಂಕದವನಾದರೂ ಇರುತ್ತಿದ್ದ. ಪಾವಿತ್ ಪಾಪ, ತನ್ನ ಸುಖದುಃಖ ಹೇಳಿಕೊಳ್ಳೋಣವೆಂದರೆ ಸುಂಕದವನೂ ಸಿಗಲಿಲ್ಲ.

ಇದು ನಡೆದದ್ದು ಯಾವ ಊರಿನಲ್ಲಿ ಎಂಬುದನ್ನು ಮರೆಯಬಾರದು. 2008ರ ನವೆಂಬರ್ 26ರ ರಾತ್ರಿ 10 ಮಂದಿ ರಬ್ಬರ್ ದೋಣಿಯಲ್ಲಿ ಬಂದಿಳಿದ ಊರು ಇದು. ಆಮೇಲೆ ಕರಾವಳಿಗೆ ಮೂರು ಸುತ್ತಿನ ಕಾವಲು ಎಂದರು. ದೂರ ಸಮುದ್ರಕ್ಕೆ ನೌಕಾಪಡೆ, ನಡುವೆ ಕೋಸ್ಟ್ ಗಾರ್ಡ್, ದಡದ ಹತ್ತಿರ ಕರಾವಳಿ ಪೊಲೀಸರು. ಮೂವರು ಸೊಸೆಯರಿರುವ ಮನೆಯಲ್ಲಿ ಒಲೆಯ ಮೇಲಿನ ಹಾಲಿಗೆ ಏನಾಗುತ್ತದೋ ಅದೇ ಆಯಿತು. ದೊಡ್ಡವಳು ನಡುವಿನವಳು ನೋಡುತ್ತಾಳೆ ಎಂದುಕೊಂಡಳು, ನಡುವಿನವಳು ಚಿಕ್ಕವಳು ನೋಡುತ್ತಾಳೆ ಎಂದುಕೊಂಡಳು, ಚಿಕ್ಕವಳು ಟೀವಿ ನೋಡುತ್ತಿದ್ದಳು. ಪಾವಿತ್ ಬಂದ ಸುದ್ದಿಯೂ ಟೀವಿಯಲ್ಲೇ ಬಂತು.

ಚಿತ್ರದುರ್ಗದ ಕೋಟೆಗೆ ಏಳು ಸುತ್ತು. ಅದರಲ್ಲೂ ಒಂದು ಕಿಂಡಿ ಇತ್ತು, ಒಪ್ಪೋಣ. ಆದರೆ ಆ ಕಿಂಡಿಯ ಪಕ್ಕದಲ್ಲಿ ಒನಕೆ ಹಿಡಿದು ಓಬವ್ವ ನಿಂತಿದ್ದಳು. ಒಬ್ಬೊಬ್ಬನೇ ತೆವಳಿ ಬರುವಷ್ಟು ಸಣ್ಣ ತೂತದು. ಇಲ್ಲಿ ನುಸುಳಿದ್ದು ಉಕ್ಕಿನ ಟ್ಯಾಂಕರು, ಅದೂ ಎಂಜಿನ್ ಇಲ್ಲದೆ, ಗಾಳಿ ತಳ್ಳಿದಷ್ಟೇ ವೇಗದಲ್ಲಿ. ಎಮ್ಮೆ ಕೆರೆಗೆ ಇಳಿಯುವ ಗತ್ತಿನಲ್ಲಿ ಬಂದಿರಬೇಕು.

ಸಮರ್ಥನೆಗೆ ಕಾರಣಗಳೇನು ಕಡಿಮೆಯೇ? ಮಳೆಗಾಲ, ಮಬ್ಬು, ಏಳುವ ಅಲೆ. ತೀರದ ರಡಾರ್ ಸರಪಳಿ ಆಗಿನ್ನೂ ಪೂರ್ತಿಯಾಗಿರಲಿಲ್ಲ. ಹಡಗುಗಳು ತಮ್ಮ ಹೆಸರು, ಇರುವ ಜಾಗ, ಹೋಗುವ ದಿಕ್ಕನ್ನು ತಾವೇ ಸಾರಿಕೊಳ್ಳುವ ಎಐಎಸ್ ಎಂಬ ಯಂತ್ರವೊಂದು ಉಂಟು. ಜನರೇಟರೇ ನಿಂತ ಹಡಗಿನಲ್ಲಿ ಅದು ಎಷ್ಟು ದಿನ ಕೂಗೀತು? ಒಟ್ಟಿನಲ್ಲಿ ವ್ಯವಸ್ಥೆ ಬಹಳ ಸರಳ: "ನಾನು ಬರ್ತಾ ಇದೀನಿ" ಎಂದು ಹೇಳಿಕೊಂಡು ಬರುವವರನ್ನು ನಾವು ಬಿಡದೆ ಹಿಡಿಯುತ್ತೇವೆ.

ಇಷ್ಟಾಗಿ, ಜುಹೂ ಕಡಲಿಗೆ ಆ ಮಳೆಗಾಲದಲ್ಲಿ ಇದು ಎರಡನೆಯ ಬಾಣಂತನ. ಜೂನ್ 11ರಂದೇ ಎಂ.ವಿ. ವಿಸ್ಡಂ ಎಂಬ 9,000 ಟನ್ನಿನ ಮುದಿ ಸರಕು ಹಡಗು ಅಲ್ಲಿ ಬಂದು ಕೂತಿತ್ತು. ಕೊಲಂಬೊದಿಂದ ಗುಜರಾತಿನ ಅಲಂಗ್‌ಗೆ, ಅಂದರೆ ಹಡಗುಗಳ ಕಸಾಯಿಖಾನೆಗೆ, ಅದನ್ನು ಹಗ್ಗ ಕಟ್ಟಿ ಎಳೆದೊಯ್ಯುತ್ತಿದ್ದರು. ದಾರಿಯಲ್ಲಿ ಹಗ್ಗ ಕಿತ್ತುಕೊಂಡಿತು. ಬಾಂದ್ರಾ-ವರ್ಲಿ ಸೇತುವೆಗೇ ಗುದ್ದುತ್ತದೆ ಎಂಬ ಭಯ ಹುಟ್ಟಿಸಿ, ಕೊನೆಗೆ ಜುಹೂ ಮರಳಿನಲ್ಲಿ ಕಾಲು ಚಾಚಿತು. ವಿಸ್ಡಂ ಎಂದರೆ ವಿವೇಕ. ಮುಂಬಯಿಗೆ ವಿವೇಕ ಬಂದಿತ್ತು, ಜುಲೈ ಮೊದಲ ವಾರ ಟಗ್ ಹಚ್ಚಿ ಎಳೆದು ಸಾಗಹಾಕಿದರು. ತಿಂಗಳು ತುಂಬುವುದರೊಳಗೆ ಪಾವಿತ್ ಹಾಜರು. ಅದರ ನಾಲ್ಕೇ ದಿನಕ್ಕೆ, ಆಗಸ್ಟ್ 4ರಂದು, ಸುಮಾರು 60,000 ಟನ್ ಕಲ್ಲಿದ್ದಲು ಹೊತ್ತ ರಾಕ್ ಕ್ಯಾರಿಯರ್ ಮುಂಬಯಿಯಾಚೆ ಮುಳುಗಿತು. ಅದು ಮಾತ್ರ ದಡಕ್ಕೆ ಬಂದು ಯಾರ ಮಾನವನ್ನೂ ಕಳೆಯಲಿಲ್ಲ.

ನಾನು ಪಾವಿತ್ ನೋಡಲು ಹೋದ ದಿನ ಜುಹೂವಿನಲ್ಲಿ ಜಾತ್ರೆ. ಹಡಗಿನತ್ತ ಯಾರೂ ಹೋಗಬಾರದೆಂದು ಹಗ್ಗ ಕಟ್ಟಿ ಪೊಲೀಸರು ನಿಂತಿದ್ದರು. ಸಮುದ್ರದಿಂದ ಬರುವುದಕ್ಕೆ ಅಡ್ಡಿಯಿಲ್ಲ, ದಡದಿಂದ ಹೋಗುವುದಕ್ಕೆ ಬಂದೋಬಸ್ತು! ಹಗ್ಗದ ಈಚೆ ಒಬ್ಬ ತಗಡಿನ ಒಲೆಯ ಕೆಂಡಕ್ಕೆ ರಟ್ಟಿನಿಂದ ಗಾಳಿ ಹಾಕುತ್ತ ಜೋಳದ ತೆನೆ ಸುಡುತ್ತಿದ್ದ. ಅರ್ಧ ನಿಂಬೆಹಣ್ಣನ್ನು ಉಪ್ಪುಖಾರದಲ್ಲಿ ಅದ್ದಿ ತೆನೆಗೆ ಉಜ್ಜುವಾಗ ಅವನ ಕಣ್ಣು ಮಾತ್ರ ರಸ್ತೆಯ ಕಡೆ. ಮುನ್ಸಿಪಾಲಿಟಿ ಗಾಡಿ ಬಂದರೆ ಒಲೆ ಸಮೇತ ಓಡಬೇಕು. ಆ ಇಡೀ ಕಡಲತೀರದಲ್ಲಿ ಕಣ್ಣಿಟ್ಟು ಕಾಯುತ್ತಿದ್ದವನು ಅವನೊಬ್ಬನೇ.

ಅಲ್ಲಿಂದ ಚಹಾಕ್ಕೆಂದು ನಮ್ಮ ಶೆಟ್ಟರ ಹೋಟೆಲಿಗೆ ಬಂದೆ. ಶೆಟ್ಟರು ಗಲ್ಲಾದಲ್ಲಿ ಕೂತು ಒಂದು ಕಾಗದವನ್ನು ದಿಟ್ಟಿಸುತ್ತಿದ್ದರು.

"ನೋಡಿ ಮಾರಾಯ್ರೆ, ಬೋರ್ಡು ಎರಡು ಇಂಚು ಹೊರಗೆ ಬಂದಿದೆ ಅಂತ ನೋಟೀಸು. ಟೇಪು ಹಿಡಿದು ಅಳೆದು ಹೋಗಿದ್ದಾರೆ."

"ಅಲ್ಲಿ ಹಡಗೇ ಬಂದು ಕೂತಿದೆಯಲ್ಲ ಶೆಟ್ರೆ?"

"ಹಡಗಿಗೆ ನೋಟೀಸು ಕೊಡ್ಲಿಕ್ಕೆ ಕೈಯಲ್ಲಿ ತೆಗೊಳ್ಳುವವ ಬೇಕಲ್ಲ? ನಾನು ಮೂವತ್ತು ವರ್ಷದಿಂದ ಇಲ್ಲೇ ಕೂತಿದ್ದೇನೆ. ಅದಕ್ಕೇ ಸಿಕ್ಕುತ್ತೇನೆ."

ಕೋಲಿ ಮೀನುಗಾರರ ಪಾಡೂ ಇದೇ. ಮಲ್ಪೆ, ಮಂಗಳೂರಿನ ನಮ್ಮವರದ್ದೂ ಇದೇ. ದೋಣಿಯ ನೋಂದಣಿ, ದೋಣಿಗೆ ಬಣ್ಣ, ಬೆರಳಚ್ಚು ಕೊಟ್ಟು ಮಾಡಿಸಿದ ಗುರುತಿನ ಚೀಟಿ. ಒದ್ದೆ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಬಿಚ್ಚಿ ಅದನ್ನೆಲ್ಲ ತೋರಿಸಬೇಕು.

ಸಿಕ್ಕಿಕೊಂಡ ಹಡಗನ್ನು ಬಿಡಿಸುವವರ ಲೋಕ ಬೇರೆ. ಒಳಗಿನ ನೀರು ಹೊರಹಾಕಿ ಹಗುರ ಮಾಡಬೇಕು, ಎಣ್ಣೆ ಸೋರದಂತೆ ನೋಡಬೇಕು, ಟಗ್‌ಗೆ ಹಗ್ಗ ಬಿಗಿದು ಕಾಯಬೇಕು. ಅಮಾವಾಸ್ಯೆಯ ದೊಡ್ಡ ಉಬ್ಬರದಲ್ಲಿ ಏರಿ ಕೂತದ್ದು ಸಣ್ಣ ಉಬ್ಬರಕ್ಕೆಲ್ಲ ಜಗ್ಗುವುದಿಲ್ಲ, ಹುಣ್ಣಿಮೆಯೇ ಬರಬೇಕು. ಈ ಕಸುಬಿನಲ್ಲಿ ಲಂಡನ್ನಿನ ವಿಮಾ ಮಾರುಕಟ್ಟೆ ಲಾಯ್ಡ್ಸ್ ಹೆಸರಿನ, ನೂರು ವರ್ಷ ದಾಟಿದ ಕರಾರೊಂದಿದೆ: ಹಡಗು ಬಿಡಿಸಿದರೆ ದುಡ್ಡು, ಇಲ್ಲದಿದ್ದರೆ ಬರಿಗೈ. ನಮ್ಮ ರಸ್ತೆಗುಂಡಿ ಗುತ್ತಿಗೆದಾರರ ಮುಂದೆ ಇದನ್ನು ಓದಬೇಡಿ, ಎದೆ ಒಡೆದುಕೊಂಡಾರು.

ಆ ವರ್ಷ ನೂಲಹುಣ್ಣಿಮೆ ಆಗಸ್ಟ್ 13ಕ್ಕೆ. ಕೋಲಿಗಳು ಸಮುದ್ರಕ್ಕೆ ತೆಂಗಿನಕಾಯಿ ಬಿಡುವ ನಾರಳಿ ಪೌರ್ಣಿಮೆಯೂ ಅದೇ. ಆ ಆಸುಪಾಸಿನಲ್ಲಿ ಪಾವಿತ್ ಮರಳು ಬಿಟ್ಟೆದ್ದಿತು. ಒಟ್ಟು ಎರಡು ವಾರ ಇದ್ದು ಹೋಯಿತು. ಬರಲು ಅಮಾವಾಸ್ಯೆ, ಹೊರಡಲು ಹುಣ್ಣಿಮೆ, ನಡುವೆ ಕಚೇರಿಗಳ ಪಾತ್ರ ಎಷ್ಟೆಂದು ಚಂದ್ರನನ್ನೇ ಕೇಳಬೇಕು.

ಸುದ್ದಿ ಹೇಳಲು ಶೆಟ್ಟರ ಹೋಟೆಲಿಗೆ ಹೋದರೆ ಒಬ್ಬ ಏಣಿ ಹತ್ತಿ ಬೋರ್ಡಿನ ಅಂಚನ್ನು ಗರಗಸದಲ್ಲಿ ಕೊಯ್ಯುತ್ತಿದ್ದ.

"ಹಡಗು ಹೋಯ್ತಂತೆ ಶೆಟ್ರೆ."

"ಗೊತ್ತುಂಟು. ಹೋಟೆಲನ್ನೇ ಹಡಗಿನ ಮೇಲೆ ಹಾಕುವ ಅಂತ ನಾನೂ ಆಲೋಚನೆ ಮಾಡಿದ್ದೆ, ಲೈಸೆನ್ಸಿನ ತಾಪತ್ರಯ ಇಲ್ಲ."

"ಮತ್ತೆಂತ, ಹಾಕುವುದಲ್ವಾ?"

"ಆಗ್ಲಿಕ್ಕಿಲ್ಲ ಮಾರಾಯ್ರೆ," ಎಂದು ಶೆಟ್ಟರು ಏಣಿಯ ಬುಡವನ್ನು ಕಾಲಿನಿಂದ ಒತ್ತಿ ಹಿಡಿದರು. "ಅದರಲ್ಲಿ ಒಬ್ಬ ಗಿರಾಕಿ ಕೂತು ಚಹಾ ಕುಡಿದರೂ ಸಾಕು, ಬಂದು ಕೇಳ್ತಾರೆ."